ನಾಳೆ ಮಕ್ಕಳಿಗೆ ರಜೆ, ಟೀಚರುಗಳಿಗೆ ಶಾಲೆ

ಹೋದ ವರ್ಷ ಜುಲೈ ತಿಂಗಳ ಒಂದು ಗುರುವಾರ. ರಾಯದುರ್ಗಂನಲ್ಲಿ ಮೆಟ್ರೋ ಹತ್ತಿ ಹಬ್ಸಿಗೂಡದಲ್ಲಿ ಇಳಿದು, ಅಲ್ಲಿಂದ ಶೇರ್ ಆಟೋದಲ್ಲಿ ಅರ್ಧ ನೆನೆದುಕೊಂಡು ನಾಚಾರಂ ಮುಟ್ಟುವಾಗ ರಾತ್ರಿ ಒಂಬತ್ತೂವರೆ. ಊಟಕ್ಕೆ ಕೂತಾಗ ಮಗಳ ಶಾಲೆಯಿಂದ ಮೆಸೇಜ್ ಬಂತು. ಈ ಶನಿವಾರ ಶಿಕ್ಷಕರಿಗೆ ತರಬೇತಿ ಇರುವುದರಿಂದ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ರಜೆ.

ಇಂಥ ಮೆಸೇಜು ನಿಮಗೂ ಬಂದಿರುತ್ತದೆ. ಬಂದ ಕೂಡಲೇ ಮನೆಯಲ್ಲಿ ಏನಾಗುತ್ತದೆ ಎನ್ನುವುದೂ ಗೊತ್ತಿರುತ್ತದೆ. ನನಗೆ ಶನಿವಾರ ರಾತ್ರಿ ರಿಲೀಸ್ ಇತ್ತು, ಹಗಲೆಲ್ಲ ಕಾಲ್. ಹೆಂಡತಿ ತಾರ್ನಾಕಾದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಅವಳಿಗೆ ಶನಿವಾರ ರಜೆಯಿಲ್ಲ. ಅವ್ವ ಮನೆಯಲ್ಲೇ ಇದ್ದಳು, ಆದರೆ ಅವಳಿಗೆ ಕಣ್ಣಿನ ಪೊರೆ ತೆಗೆಸಿ ಇನ್ನೂ ನಾಲ್ಕು ದಿನವಾಗಿತ್ತು. ಎರಡೆರಡು ತಾಸಿಗೆ ಡ್ರಾಪ್ಸ್ ಹಾಕಬೇಕು, ಬಗ್ಗಬಾರದು, ಒಲೆ ಮುಂದೆ ನಿಲ್ಲಬಾರದು. ಅಂಥವಳ ಮೇಲೆ ಎಂಟು ವರ್ಷದ ಹುಡುಗಿಯನ್ನು ಬಿಟ್ಟು ಹೋಗುವುದು ಹೇಗೆ?

ಪೇರೆಂಟ್ಸ್ ಗ್ರೂಪಿನಲ್ಲಿ ಆಗಲೇ ಗುಸುಗುಸು ಶುರುವಾಗಿತ್ತು. ನಾನೂ ಒಂದು ಸಾಲು ಹಾಕಿದೆ. "ಫೀಸು ಹನ್ನೆರಡು ತಿಂಗಳದ್ದು, ಪಾಠ ಎಂಟು ತಿಂಗಳದ್ದು. ಸಮೋಸ ತಿನ್ನುವುದು ಬಿಟ್ಟರೆ ಈ ಟ್ರೇನಿಂಗ್‌ಗಳಲ್ಲಿ ಏನು ನಡೆಯುತ್ತದೆ?" ಐದು ನಿಮಿಷದಲ್ಲಿ ಮೂವತ್ತು ಜನ ಹೆಬ್ಬೆರಳು ಎತ್ತಿದರು. ಆಫೀಸಿನಲ್ಲಿ ನನ್ನ ಯಾವ ಮಾತಿಗೂ ಅಷ್ಟು ಬೇಗ ಅಷ್ಟು ಜನ ಒಪ್ಪಿದ್ದಿಲ್ಲ.

ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ದಿವಾನದ ಮೇಲೆ ಕೂತಿದ್ದ ಅವ್ವ, "ಏನು ನಗ್ಲತಿ? ನನಗೂ ಓದಿ ಹೇಳು" ಅಂದಳು. ನಾನು ಹುಮ್ಮಸ್ಸಿನಲ್ಲಿ ಶಾಲೆಯ ಮೆಸೇಜು, ಬೇರೆಯವರ ಮಾತು, ಕೊನೆಗೆ ನನ್ನ ಸಾಲು, ಎಲ್ಲವನ್ನೂ ಕನ್ನಡ ಮಾಡಿ ಓದಿದೆ. ಓದುತ್ತಾ ಓದುತ್ತಾ 'ಸಮೋಸ'ಕ್ಕೆ ಬಂದಾಗ ನಾಲಗೆ ಸ್ವಲ್ಪ ತಡವರಿಸಿತು. ಮೂವತ್ತಾರು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳ ಮುಂದೆ ಓದುತ್ತಿದ್ದೇನೆ ಎನ್ನುವುದು ಆಗ ನೆನಪಾಯಿತು.

ಅವ್ವ ಸಿಟ್ಟಾಗಲಿಲ್ಲ. "ನಿಮ್ಮ ಆಫೀಸಿನಾಗ ಟ್ರೇನಿಂಗ್ ಇರಲ್ಲೇನು?" ಅಂತ ಕೇಳಿದಳು ಅಷ್ಟೇ.

ಇದೆ. ವರ್ಷಕ್ಕೆ ಇಷ್ಟು ಗಂಟೆ ಅಂತ ಇದೆ. ನನ್ನ ಟೀಮಿನ ಹದಿನಾಲ್ಕು ಜನರ ಗಂಟೆಗಳಿಗೆ ಸಹಿ ಹಾಕುವವನು ನಾನೇ. ಇನ್ನೂ ಒಂದು ನೆನಪಾಯಿತು. ನಮ್ಮ ಕ್ಲೈಂಟ್ ಕಡೆಯ ಮ್ಯಾನೇಜರ್ ಇಂಗ್ಲೆಂಡಿನಲ್ಲಿದ್ದಾನೆ. ವರ್ಷದಲ್ಲಿ ಮೂರ್ನಾಲ್ಕು ಸಲ ಅವನು, "ಇವತ್ತು ಮಕ್ಕಳಿಗೆ ಇನ್‌ಸೆಟ್ ಡೇ, ಮನೆಯಲ್ಲೇ ಇದ್ದಾರೆ, ಗದ್ದಲ ಕೇಳಿಸಿದರೆ ಕ್ಷಮಿಸಿ" ಅನ್ನುತ್ತಾನೆ. ಅಲ್ಲಿ 1988ರಿಂದ ಶಾಲೆಗಳು ವರ್ಷಕ್ಕೆ ಐದು ದಿನ ಮಕ್ಕಳಿಗೆ ಬಾಗಿಲು ಮುಚ್ಚಿ ಶಿಕ್ಷಕರಿಗಷ್ಟೇ ತೆರೆಯುತ್ತವೆ. ಆಗಿನ ಶಿಕ್ಷಣ ಮಂತ್ರಿ ಕೆನೆತ್ ಬೇಕರ್ ತಂದದ್ದಕ್ಕೆ ಜನ ಅದನ್ನು 'ಬೇಕರ್ ಡೇ' ಅಂತಲೂ ಕರೆಯುತ್ತಿದ್ದರು. ಅವನು ಹಾಗೆ ಹೇಳಿದಾಗಲೆಲ್ಲ ನಾನು, "ಪರವಾಗಿಲ್ಲ, ಮೀಟಿಂಗ್ ನಾಳೆಗೆ ಇಟ್ಟುಕೊಳ್ಳೋಣ" ಅಂದಿದ್ದೇನೆ. ಎಂಥ ಶಿಸ್ತು ಈ ಜನರದ್ದು ಅಂತ ಮನಸ್ಸಿನಲ್ಲಿ ಮೆಚ್ಚಿಕೊಂಡೂ ಇದ್ದೇನೆ. ಅದೇ ದಿನ ನಾಚಾರಂನಲ್ಲಿ ಬಂದರೆ ಸಮೋಸ.

*

ಮರುದಿನ ಮಧ್ಯಾಹ್ನ ಶಾಲೆಯ ಪ್ರಿನ್ಸಿಪಾಲ್ ಮೇಡಂ ಫೋನ್ ಮಾಡಿದರು. ಗ್ರೂಪಿನ ಸ್ಕ್ರೀನ್‌ಶಾಟನ್ನು ಯಾರೋ ಅವರಿಗೆ ಕಳಿಸಿದ್ದರು. ನನ್ನ ಎದೆ ಧಸಕ್ಕೆಂದಿತು. ಅವರು ಜಗಳಕ್ಕೇನೂ ಬರಲಿಲ್ಲ. "ನಾಳೆ ಹನ್ನೊಂದು ಗಂಟೆಗೆ ಮಾತಾಡಬೇಕಿದ್ದವರು ಬರುತ್ತಿಲ್ಲ. ನೀವು ಪ್ರಾಜೆಕ್ಟ್ ಮ್ಯಾನೇಜರ್ ಅಲ್ಲವೇ, ನಮ್ಮ ಟೀಚರುಗಳಿಗೆ ಪ್ಲ್ಯಾನಿಂಗ್ ಬಗ್ಗೆ ಒಂದು ಗಂಟೆ ಹೇಳಿಕೊಡಿ. ಏನು ನಡೆಯುತ್ತದೆ ಅಂತಲೂ ನೋಡಿದಂತಾಗುತ್ತದೆ. ಸಮೋಸ ಖಂಡಿತ ಇರುತ್ತದೆ" ಅಂದರು. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಹೆಂಡತಿ ಅವತ್ತು ಹೇಗೋ ಅರ್ಧ ದಿನ ರಜೆ ಹಾಕಿದಳು.

ಶುಕ್ರವಾರ ರಾತ್ರಿ ಕೂತು ಇಪ್ಪತ್ತನಾಲ್ಕು ಸ್ಲೈಡ್ ಮಾಡಿದೆ. ಸ್ಪ್ರಿಂಟ್, ಬೋರ್ಡು, ಮೈಲಿಗಲ್ಲು, ಬೇಗ ಫೀಡ್‌ಬ್ಯಾಕ್ ತೊಗೊಳ್ಳುವುದು, ಇತ್ಯಾದಿ. ಅವ್ವ ಕೂತಲ್ಲೇ ಕೇಳಿಸಿಕೊಳ್ಳುತ್ತಿದ್ದಳು. 'ಮೈಲಿಗಲ್ಲು' ಕಿವಿಗೆ ಬಿದ್ದಾಗ, "ಅದು ನಮ್ಮ ನಲಿ-ಕಲಿಯಾಗೂ ಇತ್ತಲ್ಲ" ಅಂದಳು.

ಅವ್ವನ ಕಥೆ ಸ್ವಲ್ಪ ಹೇಳಬೇಕು. ನಮ್ಮೂರು ಸೇಡಂ ತಾಲೂಕು, ಮಳಖೇಡದ ಹತ್ತಿರ. ಕಾಗಿಣಾ ನದಿ, ತೊಗರಿ ಹೊಲ, ಪರ್ಸಿ ಕಲ್ಲಿನ ಮನೆ, ಸಿಮೆಂಟ್ ಫ್ಯಾಕ್ಟರಿಯ ಹೊಗೆ. ವಾಡಿಯಿಂದ ಸಿಕಂದರಾಬಾದಿಗೆ ಬರುವ ರೈಲು ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾಟಿ ತಾಂಡೂರಿಗೆ ಬಂದರೆ ರಾಜ್ಯ ಬದಲಾಗುತ್ತದೆ. ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಅವ್ವ ಟಿಸಿಎಚ್ ಮುಗಿಸಿ 1984ರಲ್ಲಿ ನೌಕರಿಗೆ ಸೇರಿದಳು, 2020ರಲ್ಲಿ ನಿವೃತ್ತಳಾದಳು. ಮೊದಲ ಹನ್ನೆರಡು ವರ್ಷ ಅವಳಿಗೆ ಹೇಳಿಕೊಟ್ಟವರು ಯಾರೂ ಇಲ್ಲ. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರು ಬರುತ್ತಿದ್ದರು, ಹಾಜರಿ ಪುಸ್ತಕ ನೋಡಿ, ಮಗ್ಗಿ ಕೇಳಿ ಹೋಗುತ್ತಿದ್ದರು. ಟಿಸಿಎಚ್‌ನಲ್ಲಿ ಕಲಿತದ್ದೇ ಬಂಡವಾಳ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಜಿಲ್ಲೆಗೊಂದು ಡಯಟ್ ಬಂತು. ನಮ್ಮ ಜಿಲ್ಲೆಯದ್ದು ಕಮಲಾಪುರದಲ್ಲಿ. 1994ರಲ್ಲಿ ಡಿಪಿಇಪಿ ಶುರುವಾಗಿ, ಎರಡನೇ ಹಂತದಲ್ಲಿ ನಮ್ಮ ಕಡೆಗೂ ಬಂದಾಗ ತಾಲೂಕಿಗೆ ಬಿಆರ್‌ಸಿ, ಹತ್ತಾರು ಶಾಲೆಗೊಂದು ಸಿಆರ್‌ಸಿ ಆದವು. ಆಮೇಲೆ ತರಬೇತಿಗಳೋ ತರಬೇತಿಗಳು. ನಾನಾಗ ಗುಲಬರ್ಗಾದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ. ಅವ್ವ ಕಮಲಾಪುರದಿಂದ ವಾಪಸ್ಸು ಹೋಗುವಾಗ ಹಾಸ್ಟೆಲಿಗೆ ಬಂದು ಕೆಂಪು ಬಾಳೆಹಣ್ಣು ಕೊಡುತ್ತಿದ್ದಳು. ಕಮಲಾಪುರದ ಕೆಂಪು ಬಾಳೆ ನಮ್ಮ ಕಡೆ ಹೆಸರುವಾಸಿ. ಹೆಗಲಿಗೆ ಬಟ್ಟೆಯ ಚೀಲ, ಚೀಲದಲ್ಲಿ ಸುತ್ತಿಟ್ಟ ಡ್ರಾಯಿಂಗ್ ಶೀಟು, ಕೈಯಲ್ಲಿ ಸ್ಕೆಚ್‌ಪೆನ್ನಿನ ಬಣ್ಣ. "ನಿಮ್ಮವ್ವ ಯಾವ ಕ್ಲಾಸ್ ಓದ್ಲತಾಳಲೇ?" ಅಂತ ಗೆಳೆಯರು ನಗುತ್ತಿದ್ದರು. ನಾನೂ ಅವರ ಜೊತೆ ಸೇರಿ ನಗುತ್ತಿದ್ದೆ. ಬಾಳೆಹಣ್ಣು ಮಾತ್ರ ತಿನ್ನುತ್ತಿದ್ದೆ. ಈಗ ಲೆಕ್ಕ ಹಾಕಿದರೆ, ಸಮೋಸದ ಮಾತು ನಾನು ಮೊದಲು ಆಡಿದ್ದು ಆ ಹಾಸ್ಟೆಲಿನ ಗೇಟಿನಲ್ಲೇ.

ನಲಿ-ಕಲಿ ಅವಳಿಗೆ ಬಂದದ್ದು 2009ರಲ್ಲಿ, ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ ಒಂದು-ಎರಡನೇ ತರಗತಿಗೆ ಅದು ಬಂದ ವರ್ಷ. ಮೊದಲು ಅದು ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಯುನಿಸೆಫ್ ನೆರವಿನಿಂದ. ಅಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕರು ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ, ಹಳ್ಳಿಯ ಒಂದೇ ಕೋಣೆಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿ ಬಂದರು. ಬಂದವರು ತಾವೇ ಕೂತು ಕನ್ನಡದಲ್ಲಿ ಕಾರ್ಡು ಬರೆದರು. ಗೋಡೆಯ ಮೇಲೆ ಕಲಿಕಾ ಏಣಿ, ಏಣಿಯಲ್ಲಿ ಮೆಟ್ಟಿಲು, ಮೆಟ್ಟಿಲುಗಳ ಗುಂಪಿಗೆ ಮೈಲಿಗಲ್ಲು. ಮಗು ತಾನು ಎಲ್ಲಿದ್ದೇನೆ ಎಂದು ತಾನೇ ನೋಡಿ, ತನ್ನ ಕಾರ್ಡು ತಾನೇ ತೆಗೆದುಕೊಳ್ಳಬೇಕು. ಹತ್ತಿ ಬಿಡಿಸಲು ಹೋಗಿ ಹದಿನೈದು ದಿನ ಬಾರದ ಮಗು, ಬಂದ ದಿನ ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ತರಗತಿ ಅದನ್ನು ಬಿಟ್ಟು ಮುಂದೆ ಹೋಗಿರುವುದಿಲ್ಲ.

"ಮೊದಲ ದಿನ ನಮಗೆಲ್ಲ ನಗು ಬಂತು" ಅಂದಳು ಅವ್ವ. "ಅ ಆ ಇ ಈ ಬಿಟ್ಟು ರ ಗ ಸ ದ ಅ ಅಂತ ಶುರು ಮಾಡ್ರಿ ಅಂದ್ರು. ಇಪ್ಪತ್ತೈದು ವರ್ಷ ಅ ಆ ಇ ಈ ಹೇಳಿದ ಬಾಯಿ ಅದು. ನಾಕನೇ ದಿನಕ್ಕ ತಿಳೀತು. ಐದು ಅಕ್ಷರ ಬಂದ್ರ ಕೂಸು ಸರ, ದರ, ಅರಸ ಅಂತ ಓದ್ತದ. ಅ ಆ ಇ ಈ ಉ ಐದೂ ಬಂದ್ರೂ ಓದ್ಲಾಕ ಒಂದು ಮಾತಿಲ್ಲ."

ನಾನು ಹತ್ತು ವರ್ಷದಿಂದ 'ಸಣ್ಣದಾದರೂ ಸರಿ, ಕೆಲಸ ಮಾಡುವ ತುಂಡನ್ನು ಮೊದಲು ಕೊಡಿ' ಅಂತ ನನ್ನ ಟೀಮಿಗೆ ಉಪದೇಶ ಮಾಡುತ್ತಿದ್ದೇನೆ. ಅದಕ್ಕಿಂತ ಚೊಲೋ ಉದಾಹರಣೆ ನನಗೆ ಇನ್ನೂ ಸಿಕ್ಕಿಲ್ಲ.

ಆದರೆ ಅವ್ವ ತರಬೇತಿಗಳನ್ನು ಹೊಗಳುವವಳಲ್ಲ. ಹೆಚ್ಚಿನವು ದಂಡ ಅಂತಲೇ ಅವಳ ಲೆಕ್ಕ. "ಬೆಂಗಳೂರಾಗ ಕುದಿಸಿದ ಚಾ ಜಿಲ್ಲಾಕ ಬರೋತನ ಆರಿರ್ತದ. ತಾಲೂಕಿಗಿ ಬರೋತನ ನೀರಾಗಿರ್ತದ. ಕ್ಲಸ್ಟರಿಗಿ ಬರೀ ಕಪ್ಪು-ಬಸಿ ಬರ್ತಾವ." ರಾಜ್ಯದಲ್ಲಿ ಕೆಲವರಿಗೆ ಕಲಿಸಿ, ಅವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲೂಕಿನವರಿಗೆ ದಾಟಿಸುವ ಪದ್ಧತಿಗೆ ಇದಕ್ಕಿಂತ ನಿಖರವಾದ ವಿಮರ್ಶೆ ನಾನು ಓದಿಲ್ಲ. ನಮ್ಮ ಕಂಪನಿಗಳಲ್ಲೂ ನಡೆಯುವುದು ಇದೇ.

ಆಮೇಲೆ ಅವ್ವ ಇನ್ನೊಂದು ಮಾತು ಹೇಳಿದಳು. ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ. ಆ ನಲಿ-ಕಲಿ ತರಬೇತಿಯ ವಾರ ಅವಳು ತಾಂಡಾದ ಶಾಲೆಯಲ್ಲಿ ಒಬ್ಬಳೇ ಇದ್ದಳು. ಜೊತೆಯ ಮಾಸ್ತರಿಗೆ ವರ್ಗವಾಗಿತ್ತು. ಅವಳ ಹಾಜರಿಯಲ್ಲಿ 'ಅನ್ಯಕಾರ್ಯ ನಿಮಿತ್ತ' ಅಂತ ಬಿತ್ತು. ಶಾಲೆ ನಡೆಸಲು ಬೇರೆ ಊರಿನಿಂದ ಒಬ್ಬರು ಬರಬೇಕಿತ್ತು, ಬರಲಿಲ್ಲ. ಶಾಲೆಗೆ ಬೀಗ. ಎರಡನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳಂತೆ. ಅಪ್ಪ-ಅವ್ವ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟಾಗಲೆಲ್ಲ ಅವಳ ಅಜ್ಜಿ, "ಕೂಸಿನ ಸಾಲಿ ಅದ, ನಾ ಇಟ್ಕೋತೀನಿ" ಅಂತ ಇಟ್ಟುಕೊಳ್ಳುತ್ತಿದ್ದಳು. ಆ ವಾರ ಸಾಲಿಗೆ ಬೀಗ ಇತ್ತು. ಅಜ್ಜಿಗೆ ಹೇಳಲು ಏನೂ ಉಳಿಯಲಿಲ್ಲ. ಅವ್ವ ಹೊಸ ಕಾರ್ಡುಗಳ ಪೆಟ್ಟಿಗೆ ಹಿಡಿದುಕೊಂಡು ಬಂದಾಗ ಹುಡುಗಿ ಹೋಗಿಬಿಟ್ಟಿದ್ದಳು. ಮತ್ತೆ ಬರಲಿಲ್ಲ.

"ಬಿಟ್ಟು ಹೋದ ಕೂಸು ವಾಪಸ್ ಬಂದ್ರ ಹ್ಯಾಂಗ ಕಲಿಸಬೇಕು ಅಂತ ಹೇಳಿಕೊಡೋ ತರಬೇತಿ ಅದು" ಅಂದಳು ಅವ್ವ. ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳಲು ಹೋದಳು. ಮುಟ್ಟಬಾರದು ಅಂತ ನಾನು ಕೈ ಹಿಡಿದೆ.

ನಾಚಾರಂಗೆ ಬಂದಾಗಲೆಲ್ಲ ಅವ್ವ ಸಂಜೆ ವಾಕಿಂಗ್ ಹೋದರೆ, ಹೊಸ ಅಪಾರ್ಟ್‌ಮೆಂಟ್ ಏಳುವ ಕಡೆ ನಿಂತು, ಇಟ್ಟಿಗೆ ಹೊರುವ ಹೆಂಗಸರಿಗೆ "ಯಾವೂರವ್ವ?" ಅಂತ ಕೇಳುತ್ತಾಳೆ. ನಾರಾಯಣಪೇಟ, ಯಾದಗಿರಿ, ಗುರುಮಿಠಕಲ್ ಅಂತ ಉತ್ತರ ಬರುತ್ತದೆ. ಊರ ಕಡೆಯವರ ಜೊತೆ ಮಾತಾಡುವ ಚಪಲ ಅಂತ ನಾನು ತಿಳಿದುಕೊಂಡಿದ್ದೆ.

*

ಮಲಗುವ ಮುಂಚೆ, "ನಾಳೆ ಅವರಿಗೆ ಏನು ಹೇಳಲಿ?" ಅಂತ ಅವ್ವನನ್ನೇ ಕೇಳಿದೆ. "ನೀ ಹೇಳಬ್ಯಾಡ, ಕೇಳು" ಅಂದಳು. ಅವರ ಕ್ಲಸ್ಟರಿನಲ್ಲಿ ತಿಂಗಳಿಗೊಂದು ಶನಿವಾರ ಸಮಾಲೋಚನಾ ಸಭೆ ಇರುತ್ತಿತ್ತು. ಅಲ್ಲಿ ಒಬ್ಬ ಹಿರಿಯ ಹೆಡ್‌ಮಾಸ್ತರರು ಸುತ್ತೋಲೆ ಓದುವುದಕ್ಕೆ ಮುಂಚೆ ಒಂದೇ ಪ್ರಶ್ನೆ ಕೇಳುತ್ತಿದ್ದರಂತೆ, "ಈ ತಿಂಗಳು ಯಾವ ಕೂಸು ನಿಮ್ಮನ್ನ ಸೋಲಿಸ್ತು?" ಅದಕ್ಕೆ ಉತ್ತರ ಹೇಳುವುದರಲ್ಲೇ ಮಧ್ಯಾಹ್ನವಾಗುತ್ತಿತ್ತಂತೆ. ಅವ್ವ ಕಲಿತದ್ದರಲ್ಲಿ ಅರ್ಧ ಅಲ್ಲಿಯದ್ದು.

ಶನಿವಾರ ಶಾಲೆಯ ಎರಡನೇ ಮಹಡಿಯ ಹಾಲಿನಲ್ಲಿ ಇಪ್ಪತ್ತಾರು ಟೀಚರುಗಳಿದ್ದರು. ಮಕ್ಕಳ ಬೆಂಚಿನಲ್ಲಿ ಮೊಳಕಾಲು ಮಡಿಚಿಕೊಂಡು ಕೂತಿದ್ದರು. ಹೆಚ್ಚಿನವರು ತೆಲುಗಿನವರು, ಇಬ್ಬರು ಮಲಯಾಳಿಗಳು, ಕೆಲವರು ಹಿಂದಿಯವರು. ಪ್ರಿನ್ಸಿಪಾಲ್ ಮೇಡಂ, "ನಮ್ಮ ಶಾಲೆಯ ಒಬ್ಬ ಪೇರೆಂಟ್, ಐಟಿಯಲ್ಲಿದ್ದಾರೆ" ಅಂತ ಪರಿಚಯ ಮಾಡಿಕೊಟ್ಟು, ಯಾರೋ ಕರೆದರೆಂದು ಕೆಳಗೆ ಹೋದರು. ಯಾರೂ ಮುಖ ಎತ್ತಿ ನೋಡಲಿಲ್ಲ. ಸಿಬಿಎಸ್‌ಇ ಶಾಲೆಯ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ತರಬೇತಿ ಕಡ್ಡಾಯ. 2020ರ ಶಿಕ್ಷಣ ನೀತಿ ಎಲ್ಲ ಶಿಕ್ಷಕರಿಗೂ ಅದನ್ನೇ ಹೇಳಿದೆ. ಐವತ್ತರಲ್ಲಿ ಒಂದು ಗಂಟೆ ನನ್ನಿಂದ ಕಳೆಯುತ್ತದೆ ಎನ್ನುವ ಲೆಕ್ಕ ಅವರ ಮುಖದ ಮೇಲೆ ಕಾಣುತ್ತಿತ್ತು. ಆ ಮುಖ ನನಗೆ ಹೊಸದಲ್ಲ, ನಮ್ಮ ಕಂಪ್ಲಯನ್ಸ್ ಟ್ರೇನಿಂಗುಗಳಲ್ಲಿ ಕೂತ ನನ್ನದೇ ಮುಖ ಅದು.

ಐದನೇ ಸ್ಲೈಡಿನಲ್ಲಿ 'ಬೇಗ ಬೇಗ, ಒಬ್ಬೊಬ್ಬರಿಗೂ ಫೀಡ್‌ಬ್ಯಾಕ್ ಕೊಡಿ' ಅಂತ ಇತ್ತು. ಮುಂದಿನ ಬೆಂಚಿನ ಒಬ್ಬ ಮೇಡಂ ಕೈ ಎತ್ತಿದರು. "ಸರ್, ನನ್ನ ಕ್ಲಾಸಿನಲ್ಲಿ ನಲವತ್ತೆರಡು ಮಕ್ಕಳು. ಪೀರಿಯಡ್ಡು ಮೂವತ್ತೈದು ನಿಮಿಷ. ನೀವೇ ಭಾಗಿಸಿ ನೋಡಿ."

ಭಾಗಿಸಿದೆ. ತಲೆಗೆ ಐವತ್ತು ಸೆಕೆಂಡು. ಹಾಜರಿ, ಬಾಟಲಿ, ಬಾತ್‌ರೂಮು ಎಲ್ಲ ಅದರಲ್ಲೇ ಬರಬೇಕು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ಮಕ್ಕಳಿಗೊಬ್ಬ ಶಿಕ್ಷಕ ಇರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಮೂವತ್ತಾದರೂ ಎಪ್ಪತ್ತು ಸೆಕೆಂಡು ಅಷ್ಟೇ. ಇಂಥ ಪ್ಲ್ಯಾನ್ ಹಿಡಿದುಕೊಂಡು ಕ್ಲೈಂಟ್ ಬಂದರೆ ನಾನು ಕೆಲಸ ಒಪ್ಪಿಕೊಳ್ಳುತ್ತಿರಲಿಲ್ಲ.

ಲ್ಯಾಪ್‌ಟಾಪ್ ಮುಚ್ಚಿದೆ. ಅವ್ವ ಹೇಳಿದ ಪ್ರಶ್ನೆಯನ್ನು ನನಗೆ ಬರುವ ತೆಲುಗಿನಲ್ಲಿ ಕೇಳಿದೆ. ಈ ತಿಂಗಳು ಯಾವ ಮಗು ನಿಮ್ಮನ್ನು ಸೋಲಿಸಿತು? ಹೆಸರು ಬೇಡ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಎರಡನೇ ತರಗತಿಯ ಮೇಡಂ ಶುರು ಮಾಡಿದರು. 52ರಲ್ಲಿ 38 ಕಳೆಯಿರಿ ಅಂದರೆ ತಮ್ಮ ಕ್ಲಾಸಿನ ಅರ್ಧ ಮಕ್ಕಳು 26 ಅಂತ ಬರೆಯುತ್ತಾರೆ, ಎಷ್ಟು ಸಲ ಹೇಳಿದರೂ ಅಷ್ಟೇ ಅಂದರು. ಬೋರ್ಡಿನ ಮೇಲೆ ಬರೆದು ತೋರಿಸಿದರು. ಹಿಂದಿನ ಸಾಲಿನಲ್ಲಿದ್ದ ಹಿರಿಯ ಮೇಡಂ ಒಬ್ಬರು, "ಅವು ಅಜಾಗರೂಕತೆಯಿಂದ ಮಾಡುತ್ತಿಲ್ಲ" ಅಂದರು. "ಎಂಟರಲ್ಲಿ ಎರಡು ಕಳೆದರೆ ಆರು, ಐದರಲ್ಲಿ ಮೂರು ಕಳೆದರೆ ಎರಡು. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಅಂತ ಒಂದನೇ ಕ್ಲಾಸಿನಲ್ಲಿ ಹೇಳಿಕೊಟ್ಟವರು ಯಾರು? ನಾವೇ. ಮಕ್ಕಳು ನಮ್ಮ ಮಾತನ್ನೇ ಪಾಲಿಸುತ್ತಿದ್ದಾರೆ."

ಹಾಲಿನಲ್ಲಿ ಒಂದು ನಗು ಹಬ್ಬಿತು. ಒಂದನೇ ತರಗತಿಯ ಟೀಚರು ಮುಖ ಮುಚ್ಚಿಕೊಂಡರು. ಆಮೇಲೆ ಸಲಹೆಗಳು ಬಂದವು. ಐದು ಹತ್ತರ ನೋಟು, ಎರಡು ಒಂದು ರೂಪಾಯಿ ಕೊಟ್ಟು, ಕಿರಾಣಿ ಅಂಗಡಿಯವನಿಗೆ ಮೂವತ್ತೆಂಟು ಕೊಡು ಅಂತ ಹೇಳಿ ಅಂದರು ಒಬ್ಬರು. ಎಂಟು ರೂಪಾಯಿ ಇಲ್ಲ ಅಂತ ಮಗುವೇ ಹೇಳುತ್ತದೆ, ನೋಟು ಮುರಿಸಬೇಕು ಅಂತಲೂ ಅದೇ ಹೇಳುತ್ತದೆ. ಯಾರೋ ಪರ್ಸು ತೆಗೆದರು. ನೋಟು-ಚಿಲ್ಲರೆ ಬೆಂಚಿನ ಮೇಲೆ ಬಂತು. ಯುಪಿಐ ಕಾಲದಲ್ಲಿ ಇಪ್ಪತ್ತಾರು ಜನರ ಬಳಿ ಸೇರಿ ಮೂರೇ ಒಂದು ರೂಪಾಯಿ ನಾಣ್ಯ ಸಿಕ್ಕವು ಅಂತ ಮತ್ತೆ ನಗು.

ಆಗ ನಲವತ್ತೆರಡು ಮಕ್ಕಳ ಮೇಡಂ ಎದ್ದರು. "ನನ್ನನ್ನು ಸೋಲಿಸಿರುವುದು ತಪ್ಪು ಮಾಡುವ ಮಗು ಅಲ್ಲ. ತಪ್ಪೇ ಮಾಡದ ಮಗು" ಅಂದರು. ಮೂರನೇ ತರಗತಿ. ಜಾಣೆ. ಆದರೆ ಪುಸ್ತಕ ತೋರಿಸುವುದಿಲ್ಲ. ಬರೆಯುತ್ತಾಳೆ, ಅಳಿಸುತ್ತಾಳೆ, ಮತ್ತೆ ಬರೆಯುತ್ತಾಳೆ, ಹಾಳೆ ತೂತು ಬೀಳುವ ತನಕ. ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ. "ಒಂದು ದಿನ ಪಕ್ಕ ಕೂತು ಕೇಳಿದೆ, ಯಾಕಮ್ಮ ಅಳಿಸ್ತೀಯಾ ಅಂತ. 'ಮೇಡಂ, ಇದರಲ್ಲಿ ಬಗ್ ಇರಬಹುದು' ಅಂದಳು. ತಪ್ಪಿಗೆ ಅವಳು ಬಗ್ ಅನ್ನುತ್ತಾಳೆ."

ಎಲ್ಲರೂ ನಕ್ಕರು. ನಾನೂ ನಗಲು ಬಾಯಿ ತೆರೆದೆ. ನಗು ಬರಲಿಲ್ಲ.

ನಮ್ಮ ಮನೆಯಲ್ಲಿ ರಾತ್ರಿ ಹೋಮ್‌ವರ್ಕ್ ನೋಡುವವನು ನಾನು. ಬಿಡುವಿದ್ದ ದಿನ, ಹತ್ತು ನಿಮಿಷ. ತಪ್ಪು ಎಲ್ಲಿದೆ ಅಂತ ನಾನು ಹೇಳುವುದಿಲ್ಲ, "ಇದರಲ್ಲಿ ಮೂರು ಬಗ್ ಇವೆ, ಹುಡುಕು" ಅನ್ನುತ್ತೇನೆ. ಅದು ಆಟ ಅಂತ ನಾನು ಅಂದುಕೊಂಡಿದ್ದೆ. ತಿಂಗಳಿಗೆ ನಾಲ್ಕು ರಬ್ಬರ್ ಯಾಕೆ ಬೇಕು ಅಂತ ಮಗಳಿಗೆ ಒಮ್ಮೆ ಗದರಿಸಿಯೂ ಇದ್ದೆ.

"ಪೇರೆಂಟ್ಸ್ ಜೊತೆ ಮಾತಾಡಿದಿರಾ?" ಅಂತ ಯಾರೋ ಕೇಳಿದರು. "ತಾಯಿ ಬರುತ್ತಾರೆ, ಹೇಳಿದ್ದೇನೆ. ತಂದೆಯನ್ನು ನಾನು ಇನ್ನೂ ನೋಡಿಲ್ಲ. ತುಂಬಾ ಬ್ಯುಸಿಯಂತೆ" ಅಂದರು ಮೇಡಂ, ನನ್ನ ಕಡೆ ನೋಡುತ್ತಲೇ.

ಎರಡು ವರ್ಷದಲ್ಲಿ ಎಂಟು ಪೇರೆಂಟ್ಸ್ ಮೀಟಿಂಗ್ ಆಗಿವೆ. ಒಂದಕ್ಕೂ ನಾನು ಹೋಗಿಲ್ಲ. ಹೆಂಡತಿ ಬಂದು ಏನೋ ಹೇಳಿದ್ದಳು, ಮಗಳು ಸ್ವಲ್ಪ ಹೆದರುತ್ತಾಳಂತೆ ಅಂತ. ನಾನು ಫೋನ್ ನೋಡುತ್ತಾ "ಸರಿ ಹೋಗ್ತಾಳೆ" ಅಂದಿದ್ದೆ.

ನಾನೇ ಅವಳ ಅಪ್ಪ ಅಂತ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಮಾತು ನಿಂತುಹೋಗುತ್ತದೆ ಅಂತ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ನಿಜವೆಂದರೆ ಧೈರ್ಯ ಆಗಲಿಲ್ಲ. ಮಾತು ಮುಂದುವರಿಯಿತು. ಹಿರಿಯ ಮೇಡಂ ಒಂದು ಉಪಾಯ ಹೇಳಿದರು. ಒಂದು ವಾರ ಇಡೀ ಕ್ಲಾಸಿಗೆ ರಬ್ಬರ್ ಬಂದ್. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆಯುವುದು. ಟೀಚರೂ ಬೋರ್ಡಿನ ಮೇಲೆ ಬೇಕೆಂದೇ ತಪ್ಪು ಮಾಡಿ ಗೆರೆ ಎಳೆಯಬೇಕು. ಆ ಮಗು ಒಂದಕ್ಕೇ ಹೇಳಬಾರದು. ನಲವತ್ತೆರಡು ಮಕ್ಕಳ ಮೇಡಂ ಅದನ್ನು ಡೈರಿಯಲ್ಲಿ ಬರೆದುಕೊಂಡರು. ನಾನೂ ಬರೆದುಕೊಂಡೆ.

ಹನ್ನೆರಡಕ್ಕೆ ಮುಗಿಯಬೇಕಿದ್ದದ್ದು ಒಂದು ಗಂಟೆಗೆ ಮುಗಿಯಿತು. ಸಮೋಸ ಆರಿಹೋಗಿದ್ದವು.

*

ಮೆಟ್ಟಿಲ ಹತ್ತಿರ ಕಾದು ನಿಂತು ಆ ಮೇಡಂಗೆ ಹೇಳಿದೆ. ಅವರು ಗಾಬರಿಯಾದರು, "ಸಾರಿ ಸರ್, ನನಗೆ ಗೊತ್ತಿರಲಿಲ್ಲ, ಮೇಲೆ ಹೇಳಬೇಡಿ" ಅಂದರು. ಅದು ಎಲ್ಲದಕ್ಕಿಂತ ಹೆಚ್ಚು ಚುಚ್ಚಿತು. ನನ್ನ ಮಗಳ ಬಗ್ಗೆ ನನಗೆ ಗೊತ್ತಿಲ್ಲದ್ದನ್ನು ಗಮನಿಸಿ, ಅದಕ್ಕೆ ದಾರಿ ಹುಡುಕುತ್ತಿದ್ದವರು, ತಮ್ಮ ನೌಕರಿ ಉಳಿಸಿಕೊಳ್ಳಲು ನನ್ನ ಬಳಿ ಕ್ಷಮೆ ಕೇಳುತ್ತಿದ್ದರು. "ತಪ್ಪು ನಂದು, ಮೇಡಂ. ಆ ಬಗ್ ನಾನು ಹಾಕಿದ್ದು" ಅಂದೆ. ಅವರಿಗೆ ನಗು ಬಂತು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವಳು ಕೇಳಿ, "ನಮಗ ಪಾಟಿ ಇತ್ತು. ಕೈಯಾಗ ಒರಸಿದ್ರ ಮುಗೀತು. ತಪ್ಪಿನ ಗುರುತೇ ಉಳೀತಿದ್ದಿಲ್ಲ, ಅಂಜಿಕೀನೂ ಇರಲಿಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಕಿ ಮುಂದ ನೀ ಒಂದೆರಡು ತಪ್ಪು ಮಾಡು" ಅಂದಳು.

ಆಮೇಲೆ ನಾನು ಈ ವಿಷಯ ಒಂದಿಷ್ಟು ಓದಿದೆ. ನಮ್ಮ ಐಟಿಯವರು ಟೊಯೋಟಾದ ಕಾನ್ಬಾನ್ ಬಗ್ಗೆ ದಿನಾ ಮಾತಾಡುತ್ತೇವೆ. ಅದೇ ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ 'ಜುಗ್ಯೋ ಕೆಂಕ್ಯೂ' ಅಂತ ಒಂದು ಪದ್ಧತಿ ಬಹಳ ಕಾಲದಿಂದ ಇದೆ. ಒಂದು ಪಾಠವನ್ನು ಕೆಲವು ಶಿಕ್ಷಕರು ಸೇರಿ ತಯಾರಿಸುತ್ತಾರೆ, ಒಬ್ಬರು ಮಕ್ಕಳಿಗೆ ಮಾಡುತ್ತಾರೆ, ಉಳಿದವರು ಹಿಂದೆ ನಿಂತು ಮಕ್ಕಳು ಎಲ್ಲಿ ಎಡವಿದರು ಅಂತ ಬರೆದುಕೊಳ್ಳುತ್ತಾರೆ, ಸಂಜೆ ಕೂತು ಪಾಠವನ್ನು ತಿದ್ದುತ್ತಾರೆ. 1999ರಲ್ಲಿ ಸ್ಟಿಗ್ಲರ್ ಮತ್ತು ಹೀಬರ್ಟ್ ಎಂಬಿಬ್ಬರು 'ದಿ ಟೀಚಿಂಗ್ ಗ್ಯಾಪ್' ಪುಸ್ತಕದಲ್ಲಿ ಇದನ್ನು ಬರೆದ ಮೇಲೆ ಅಮೆರಿಕದವರೂ ತಿರುಗಿ ನೋಡಿದರು. ಅವ್ವನಿಗೆ ಹೇಳಿದರೆ, "ಮಾದರಿ ಪಾಠ ಅಂದ್ರ ಅದೇ ಅಲ್ಲೇನು, ಸಮಾಲೋಚನಾ ಸಭಾದಾಗ ಮಾಡ್ತಿದ್ವಿ" ಅಂದಳು. ನಮ್ಮಲ್ಲಿ ಆ ಸಭೆ ಚೆನ್ನಾಗಿ ನಡೆದ ಕಡೆ ನಡೆಯಿತು, ಉಳಿದ ಕಡೆ ಸುತ್ತೋಲೆ ಓದಿ, ಸಹಿ ಹಾಕಿ ಏಳುವುದಾಯಿತು. ಈಗ ದೀಕ್ಷಾ, ನಿಷ್ಠಾ ಅಂತ ಫೋನಿನಲ್ಲೇ ಕೋರ್ಸು. ಅವ್ವನ ಕೊನೆಯ ವರ್ಷದಲ್ಲಿ ಬಂದಿತ್ತು. ಬಾಡಿಗೆ ಕೊಡಬೇಕಿಲ್ಲ, ಶಾಲೆಗೆ ಬೀಗ ಹಾಕಬೇಕಿಲ್ಲ. ಆದರೆ ಫೋನು ನಿಮ್ಮ ಪಾಠ ಹೇಗಿತ್ತು ಅಂತ ಕೇಳುವುದಿಲ್ಲ, ಅದು ತನ್ನ ಪಾಠ ಹೇಳಿ ಸರ್ಟಿಫಿಕೇಟ್ ಕೊಡುತ್ತದೆ.

ಆ ತಾಂಡಾದ ಹುಡುಗಿಯ ಲೆಕ್ಕ ನನಗೆ ಇನ್ನೂ ಬಗೆಹರಿದಿಲ್ಲ. ಶಿಕ್ಷಕರು ಕೂತು ಮಾತಾಡುವ ದಿನ ಬೇಕು. ಆ ದಿನ ಶಾಲೆಯ ಬಾಗಿಲು ತೆಗೆಯಲು ಇನ್ನೊಬ್ಬರೂ ಬೇಕು. ಪ್ರಾಜೆಕ್ಟಿನಲ್ಲಿ ನಾವು ಯಾರಿಗಾದರೂ ರಜೆ ಕೊಟ್ಟರೆ ಬದಲಿಗೆ ಒಬ್ಬರ ಹೆಸರು ಬರೆಯುತ್ತೇವೆ, ಬರೆಯದೆ ಸಹಿ ಹಾಕುವುದಿಲ್ಲ. ಒಬ್ಬಳೇ ಟೀಚರ್ ಇರುವ ಶಾಲೆಗೆ ಅಷ್ಟೂ ಸಿಗಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಒಂದು ಶನಿವಾರ ತಪ್ಪಿದರೆ ಏನೂ ಆಗುವುದಿಲ್ಲ. ಅವಳಿಗೆ ಆ ಒಂದು ವಾರ ತಪ್ಪಿ ಶಾಲೆಯೇ ತಪ್ಪಿತು. ಬದುಕಿದ್ದರೆ ಈಗ ಇಪ್ಪತ್ಮೂರು-ಇಪ್ಪತ್ನಾಲ್ಕು ವರ್ಷದವಳು, ಇದೇ ಊರಿ‌ನಲ್ಲಿ ಎಲ್ಲೋ ಇರಬಹುದು. ಅವ್ವ ಈಗಲೂ ಹೊಸ ಕಟ್ಟಡದ ಮುಂದೆ ನಿಂತು "ಯಾವೂರವ್ವ?" ಅಂತ ಕೇಳುವಾಗ, ನಾನು ಬೇಗ ಬಾ ಅಂತ ಅವಸರ ಮಾಡುವುದಿಲ್ಲ.

ನವೆಂಬರಿನಲ್ಲಿ ಮತ್ತೆ ಮೆಸೇಜ್ ಬಂತು. ಶನಿವಾರ ತರಬೇತಿ, ಮಕ್ಕಳಿಗೆ ರಜೆ. ಗ್ರೂಪಿನಲ್ಲಿ ಮತ್ತೆ ಅದೇ ಗುಸುಗುಸು. ಈ ಸಲ ನಾನು ಬರೆದೆ, "ಮೂರನೇ ಮಹಡಿಯಲ್ಲಿ ನನ್ನ ತಾಯಿ ಇದ್ದಾರೆ, ರಿಟೈರ್ಡ್ ಟೀಚರ್. ನಾನೂ ರಜೆ ಹಾಕಿದ್ದೇನೆ. ಯಾರ ಮನೆಯಲ್ಲಿ ಅನುಕೂಲ ಇಲ್ಲವೋ ಅವರು ಮಕ್ಕಳನ್ನು ಕಳಿಸಬಹುದು." ಹೆಬ್ಬೆರಳು ಎಂಟೇ ಬಂದವು. ಮಕ್ಕಳು ಮಾತ್ರ ಹನ್ನೊಂದು ಬಂದರು.

ಅವ್ವ ಎಲ್ಲರನ್ನೂ ಹಾಲಿನಲ್ಲಿ ದುಂಡಗೆ ಕೂರಿಸಿದಳು. ಅವಳಿಗೆ ಕಣ್ಣು ಈಗ ಚೊಲೋ ಕಾಣುತ್ತದೆ. ನನ್ನನ್ನೂ ಕೂರಿಸಿ, 52ರಲ್ಲಿ 38 ಕಳಿ ಅಂದಳು. ನಾನು ದೊಡ್ಡ ಅಕ್ಷರದಲ್ಲಿ 26 ಅಂತ ಬರೆದೆ. "ಪಪ್ಪಾ, ತಪ್ಪು!" ಅಂತ ಮಗಳು ಎದ್ದು ನಿಂತಳು. ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಅದರ ಮೇಲೆ ಒಂದು ಗೆರೆ ಎಳೆದಳು. ಪಕ್ಕದಲ್ಲಿ 14 ಅಂತ ಬರೆದಳು.